ಬನ್ನಿಯ ದಾಯಾದಿ

ಹೋದ ವಿಜಯದಶಮಿಯ ಸಾಯಂಕಾಲ ನಮ್ಮ ಓಣಿಯ ಹುಡುಗರು ಪದ್ಧತಿಯಂತೆ ಮನೆಮನೆಗೂ ಹೋಗಿ ಹಿರಿಯರಿಗೆ ಬನ್ನಿ ಕೊಟ್ಟು ನಮಸ್ಕರಿಸುತ್ತಿದ್ದರು. ಎಂಟು ವರ್ಷದ ನಮ್ಮ ಮೊಮ್ಮಗಳೂ ಹೊಸ ಲಂಗವನ್ನುಟ್ಟು ಬಂದು, ನಮ್ಮ ಕೈಯಲ್ಲಿ ಒಂದು ಹಿಡಿ ಎಲೆಯನ್ನಿಟ್ಟು, “ಅಜ್ಜ, ಬನ್ನಿ ತೊಗೊಂಡು ಬಂಗಾರದಂಗ ಇರೂಣು” ಎಂದಳು. ನಾವು ಆಶೀರ್ವದಿಸಿ ಎಲೆಯನ್ನು ಕಣ್ಣಿಗೊತ್ತಿಕೊಳ್ಳಬೇಕೆಂದು ಎತ್ತಿದಾಗ ಅಂಗೈಗೆ ಮುಳ್ಳು ನಟ್ಟಿತು. ಕನ್ನಡಕವನ್ನು ಹಾಕಿಕೊಂಡು ನೋಡಿದರೆ ಅದು ಬನ್ನಿಯಲ್ಲ, ಬಳ್ಳಾರಿ ಜಾಲಿ.

“ಎಲ್ಲಿಂದ ತಂದಿ, ಅವ್ವಿ?” ಎಂದು ಕೇಳಿದೆವು.

“ಕೆರಿ ಏರಿ ಮ್ಯಾಲಿಂದ. ಅಲ್ಲಿ ಬೇಕಾದಷ್ಟು ಐತಿ.”

“ಊರ ಹೊರಗಿನ ಬನ್ನಿಗಿಡಕ್ಕ ಯಾಕ ಹೋಗಲಿಲ್ಲ?”

“ಅಲ್ಲಿಗೆ ದಾರಿ ಎಲ್ಲೈತಿ, ಅಜ್ಜ? ಬರೇ ಮುಳ್ಳು.”

ಮರುದಿನ ಬೆಳಿಗ್ಗೆ ಕೋಲನ್ನೂರಿಕೊಂಡು ನಾವೇ ಹೋಗಿ ನೋಡಿಬಂದೆವು. ಮಗುವಿನ ಮಾತು ನಿಜವಾಗಿತ್ತು. ನಾವು ಹುಡುಗರಾಗಿದ್ದಾಗ ಊರಿಗೆ ಊರೇ ಪಲ್ಲಕ್ಕಿಯೊಡನೆ ನಡೆದುಹೋಗಿ ಸುತ್ತ ನಿಲ್ಲುತ್ತಿದ್ದ ಬನ್ನಿಕಟ್ಟೆಯು ಈಗ ಮುಳ್ಳಿನ ಪೊದೆಯೊಳಗೆ ಅಡಗಿಹೋಗಿದೆ. ದೊಡ್ಡವರು ಪೂಜೆಯ ದಿನ ಕೊಡಲಿಯಿಂದ ಕಾಲುದಾರಿಯೊಂದನ್ನು ಕಡಿದುಕೊಂಡು ಹೋಗಿ ಬಂದಿದ್ದರಂತೆ. ಮಕ್ಕಳನ್ನು ಯಾರೂ ಕರೆದೊಯ್ದಿರಲಿಲ್ಲ. ಈ ಸಂಚಿಕೆಗಾಗಿ ನಾವು ಬೇರೊಂದು ವಿಷಯವನ್ನು ಬರೆಯುತ್ತಿದ್ದೆವು. ಅದನ್ನು ಮುಂದಿನ ತಿಂಗಳಿಗೆ ಇರಿಸಿ, ಈ ಸಲ ನಮ್ಮ ಅಂಗೈಗೆ ನಟ್ಟ ಮುಳ್ಳಿನ ಕಥೆಯನ್ನೇ ವಾಚಕ ಮಹಾಶಯರಿಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಮಗುವು ತಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ಎರಡೂ ಮರಗಳ ಎಲೆ ಗರಿಯಂತೆ ಸೀಳಾದುದು, ಎರಡಕ್ಕೂ ಮುಳ್ಳುಂಟು, ಎರಡೂ ಒಣನೆಲದಲ್ಲಿ ಹಸುರಾಗಿ ನಿಲ್ಲತಕ್ಕವು. ಸಸ್ಯಶಾಸ್ತ್ರಜ್ಞರೂ ಬಹುಕಾಲ ಇವೆರಡನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿರಿಸಿದ್ದರು. ಪುರಾಣಗಳು ಶಮೀವೃಕ್ಷವೆಂದು ಕರೆಯುವ, ಅಜ್ಞಾತವಾಸದಲ್ಲಿ ಪಾಂಡವರು ತಮ್ಮ ಆಯುಧಗಳನ್ನು ಅಡಗಿಸಿಟ್ಟರೆನ್ನುವ ಬನ್ನಿಯು ಪ್ರೊಸೋಪಿಸ್ ಸಿನೆರೇರಿಯಾ. ಬಳ್ಳಾರಿ ಜಾಲಿಯು ಪ್ರೊಸೋಪಿಸ್ ಜೂಲಿಫ್ಲೋರಾ. 2022ರಲ್ಲಿ ವಿದ್ವಾಂಸರು ಈ ಕುಲವನ್ನು ವಿಭಾಗಿಸಿ, ಜಾಲಿಗೆ ನೆಲ್ಟುಮಾ ಎಂಬ ಬೇರೆ ಕುಲನಾಮವನ್ನು ಕೊಟ್ಟರು; ಬನ್ನಿಯು ಹಳೆಯ ಹೆಸರಿನಲ್ಲಿಯೇ ಉಳಿಯಿತು. ದಾಯವೆಂದರೆ ಪಾಲು, ಪಾಲಿಗೆ ಬಾಧ್ಯನಾದವನೇ ದಾಯಾದ. ಈ ದಾಯಾದಿಗಳಿಗೆ ಪುಸ್ತಕದಲ್ಲಿ ಪಾಲುಪಟ್ಟಿಯಾಯಿತೇ ಹೊರತು ನೆಲದ ಮೇಲೆ ಹಿಸ್ಸೆಯಾಗಲಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಮಕ್ಕಳಿಗೆ ಒಮ್ಮೆ ತೋರಿಸಿಕೊಟ್ಟರೆ ಸಾಕು. ಬನ್ನಿಯ ಮುಳ್ಳು ಗಿಡ್ಡವಾಗಿ, ಎಲೆಯ ಬುಡಗಳ ನಡುವಣ ಕಡ್ಡಿಯ ಮೇಲೆ ಚೆದರಿಕೊಂಡಿರುವುದು. ಬಳ್ಳಾರಿ ಜಾಲಿಯ ಮುಳ್ಳು ಎಲೆಯ ಬುಡದಲ್ಲಿಯೇ ಜೋಡಿಯಾಗಿ ಹೊರಡುವುದು. ನಮ್ಮ ನಾಡಿನ ಕರಿಜಾಲಿಯೊಡನೆಯೂ ಇದನ್ನು ಬೆರೆಸಬಾರದು. ಕರಿಜಾಲಿಯ ಹೂವು ಹಳದಿಯ ಗುಂಡು, ಅದರ ಕಾಯಿ ಮಣಿಸರದಂತಿರುವುದು. ಬಳ್ಳಾರಿ ಜಾಲಿಯ ಹೂವು ಬೆರಳುದ್ದದ ತೆನೆ, ಕಾಯಿ ಹಣ್ಣಾದಾಗ ಹಳದಿಯ ಚಪ್ಪಟೆ ಕೋಡು.

ಇದರ ತೌರು ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರಭಾಗ ಮತ್ತು ಕ್ಯಾರಿಬಿಯನ್ ದ್ವೀಪಗಳು. 1876ರಲ್ಲಿ ಮದ್ರಾಸು ಪ್ರಾಂತದ ಅರಣ್ಯಾಧಿಕಾರಿಗಳಲ್ಲೊಬ್ಬರಾಗಿದ್ದ ಕರ್ನಲ್ ಬೆಡ್ಡೋಮ್ ಎಂಬವರು ಒಣನಾಡಿನಲ್ಲಿ ಬೆಳೆಸುವುದಕ್ಕೆ ಇದರ ಬೀಜ ಬೇಕೆಂದು ಸರಕಾರಕ್ಕೆ ಬರೆದರು. ಬೀಜವು ಜಮೈಕಾ ದ್ವೀಪದಿಂದ ಬಂದು, 1877ರಲ್ಲಿ ಕಡಪಾ ಜಿಲ್ಲೆಯ ಕಮಲಾಪುರದಲ್ಲಿ ನೆಲ ಸೇರಿತು. ಈ ವರ್ಷಗಳನ್ನು ವಾಚಕರು ಗಮನಿಸಬೇಕು. ಧಾತು, ಈಶ್ವರ ಸಂವತ್ಸರಗಳ ಬರಗಾಲವೆಂದು ನಮ್ಮ ಹಿರಿಯರು ನೆನೆನೆನೆದು ನಡುಗುತ್ತಿದ್ದ ಕಾಲವೇ ಅದು. ಬಳ್ಳಾರಿ, ಕಡಪಾಗಳಂತೆಯೇ ನಿಜಾಮರ ಸೀಮೆಯಲ್ಲಿದ್ದ ನಮ್ಮ ರಾಯಚೂರು, ಲಿಂಗಸುಗೂರುಗಳೂ ಆಗ ಬೆಂದುಹೋಗಿದ್ದವು. ಮಳೆಯನ್ನು ಕಾಯದೆ ಬೆಳೆಯುವ, ಒಲೆಗೆ ಸೌದೆಯನ್ನೂ ಮೇಕೆಗೆ ಕಾಯಿಯನ್ನೂ ಕೊಡುವ ಮರವೊಂದು ದೊರೆತರೆ ಅಂಥ ನಾಡಿಗೆ ಅದಕ್ಕಿಂತ ದೊಡ್ಡ ಉಪಕಾರವೇನಿದ್ದೀತು? ಆದುದರಿಂದ ಬೀಜವನ್ನು ತಂದವರ ಬುದ್ಧಿಯನ್ನು ನಾವು ಹಳಿಯುವುದಿಲ್ಲ.

ಆದರೆ ಉಪಕಾರಿಯೆಂದು ಒಮ್ಮೆ ಹೆಸರಾದ ಮೇಲೆ ಅದರ ಗುಣದೋಷಗಳನ್ನು ಯಾರೂ ಕೇಳದೆ ಹೋದರು. ಜೋಧಪುರ ರಾಜ್ಯದ ಖೇಜಡ್ಲಿ ಗ್ರಾಮದಲ್ಲಿ 1730ರಲ್ಲಿ ಬಿಷ್ಣೋಯಿ ಜನರು ಬನ್ನಿಮರಗಳನ್ನು ಕಡಿಯಗೊಡಬಾರದೆಂದು ಅವುಗಳನ್ನು ತಬ್ಬಿಕೊಂಡು ನಿಂತು, ಅರಸನ ಆಳುಗಳ ಕೊಡಲಿಗೆ 363 ಮಂದಿ ಪ್ರಾಣವನ್ನೊಪ್ಪಿಸಿದರು. ಅದೇ ಜೋಧಪುರ ಸಂಸ್ಥಾನವು 1940ರಲ್ಲಿ ಬನ್ನಿಯ ಈ ಪರದೇಶದ ದಾಯಾದಿಯನ್ನು ರಾಜವೃಕ್ಷವೆಂದು ಸಾರಿತು! ಮುಂದೆ 1960ರ ದಶಕದಲ್ಲಿ ಗುಜರಾತಿನ ಕಚ್ಛದಲ್ಲಿ, ಮರುಭೂಮಿಯ ಉಪ್ಪು ಮುಂದೆ ಬಾರದಿರಲೆಂದು, ವಿಶಾಲವಾದ ಹುಲ್ಲುಗಾವಲೊಂದರಲ್ಲಿ ಇದನ್ನು ನೆಟ್ಟರು. ಆ ಹುಲ್ಲುಗಾವಲಿನ ಹೆಸರೂ ‘ಬನ್ನಿ’ ಎಂದೇ ಇರುವುದು ವಿಧಿಯ ವಿನೋದ. ಎಮ್ಮೆಗಳಿಗೆ ಹೆಸರಾದ ಆ ಬಯಲಿನ ಬಹುಭಾಗವನ್ನು ಈಗ ಜಾಲಿಯೇ ಆಳುತ್ತಿದೆ. ಗುಜರಾತಿಗಳು ಇದನ್ನು ‘ಗಾಂಡೋ ಬಾವಳ’, ಎಂದರೆ ಹುಚ್ಚುಜಾಲಿ, ಎನ್ನುತ್ತಾರೆ. ತೆಲುಗರು ‘ಸರ್ಕಾರು ತುಮ್ಮ’, ತಮಿಳರು ‘ಸೀಮೈ ಕರುವೇಲಂ’, ರಾಜಸ್ಥಾನದವರು ‘ವಿಲಾಯತಿ ಬಬೂಲ್’ ಎನ್ನುತ್ತಾರೆ. ನಾವು ಬಳ್ಳಾರಿಯ ಹೆಸರನ್ನಿಟ್ಟೆವು. ಹೀಗೆ ಒಬ್ಬೊಬ್ಬರೂ ಅದು ತಮ್ಮದಲ್ಲವೆಂದು ಹೇಳುವ ಹೆಸರನ್ನೇ ಹುಡುಕಿದ್ದಾರೆ.

ಇನ್ನು ಅದು ಗೆಲ್ಲುವ ಬಗೆಯನ್ನು ನೋಡೋಣ. ಇದರ ಎಲೆ ಒಗರಾದುದರಿಂದ ದನಕರುಗಳು ಮೇಯುವುದಿಲ್ಲ. ಕಾಯಿ ಸಿಹಿಯಾದುದರಿಂದ ಬಿಡುವುದಿಲ್ಲ. ತಿಂದ ಕಾಯಿಯೊಳಗಿನ ಗಟ್ಟಿ ಬೀಜವು ಹೊಟ್ಟೆಯಲ್ಲಿ ಸಾಯದೆ, ಸಿಪ್ಪೆ ಮೆತ್ತಗಾಗಿ, ಗೊಬ್ಬರದೊಡನೆಯೇ ಹೊರಬಿದ್ದು ಮೊದಲಿಗಿಂತ ಬೇಗನೆ ಮೊಳೆಯುತ್ತದೆ. ತನ್ನನ್ನು ಕಾಯ್ದುಕೊಳ್ಳುವುದಕ್ಕೆ ಎಲೆ, ಹರಡುವುದಕ್ಕೆ ಕಾಯಿ: ಇಂಥ ಯುಕ್ತಿ. ತಾಯಿಬೇರು ಆಳಕ್ಕಿಳಿದು ಬೇಸಗೆಯ ತೇವವನ್ನು ಹೀರುತ್ತದೆ. ಉದುರಿದ ಎಲೆಗಳ ಸತ್ತ್ವವು ಮಣ್ಣಿಗಿಳಿದು ಬೇರೆ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಬುಡಕ್ಕೆ ಕಡಿದರೆ ನೆಲದೊಳಗಣ ಕಣ್ಣುಗಳಿಂದ ಒಂದಕ್ಕೆ ಐದಾರು ಚಿಗುರೊಡೆಯುತ್ತದೆ. ಬೀಜವಾದರೋ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವವನ್ನು ಹಿಡಿದುಕೊಂಡಿರುತ್ತದೆ.

ಇದರಿಂದ ನಮ್ಮ ಸೀಮೆಗಾದ ನಷ್ಟವನ್ನು ಹೊರಗಿನವರು ಅರಿಯರು. ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಪ್ರಯಾಣಿಕನು ದಾರಿಯ ಇಕ್ಕೆಲದ ಹಸುರನ್ನು ಕಂಡು, ಬರಗಾಲದ ನಾಡೆಂದು ಕೇಳಿದ್ದು ಸುಳ್ಳೆಂದು ತಿಳಿದಾನು. ಆ ಹಸುರಿನೊಳಗೆ ಇಳಿದು ನೋಡಿದರೆ ಕೆಳಗೆ ಹುಲ್ಲಿನ ಗರಿಯಿಲ್ಲ. ಊರ ಗಾಯರಾಣಗಳಲ್ಲಿ ಕುರಿ ದನಗಳಿಗೆ ಮೇವಾಗುತ್ತಿದ್ದ ಹುಲ್ಲು ಹೋಯಿತು. ಕೆರೆಯಂಗಳದಲ್ಲಿ ಜಾಲಿ ಬೆಳೆದು ಹೂಳನ್ನು ಹಿಡಿದು ನಿಲ್ಲಿಸಿತು; ನೀರು ನಿಲ್ಲುವ ಜಾಗ ಕುಗ್ಗಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟೆ ಮುಗಿದು, ಎಡದಂಡೆಯ ಕಾಲುವೆಯಿಂದ ಸಿಂಧನೂರಿನ ಎರೆಭೂಮಿ ಬತ್ತದ ಗದ್ದೆಯಾಯಿತಷ್ಟೆ; ಆ ಕಾಲುವೆಯ ದಂಡೆಯೂ ಜಾಲಿಗೆ ಬೀಡಾಯಿತು. ನೀರು ಬಂದ ಕಡೆ ನೀರಿನಿಂದ ಬೆಳೆಯಿತು, ಬಾರದ ಕಡೆ ನೀರಿಲ್ಲದೆಯೂ ಬೆಳೆಯಿತು.

ಮೂಕಪ್ರಾಣಿಗಳ ಪಾಡೂ ಇದೆ. ಬೇರೆ ಮೇವಿಲ್ಲದೆ ಈ ಕಾಯನ್ನೇ ಬಹುದಿನ ತಿಂದ ದನಗಳಿಗೆ ದವಡೆ ನಾಲಿಗೆಗಳು ಸೋತು ಮೆಲುಕು ಹಾಕಲಾಗದ ರೋಗ ಬರುವುದುಂಟು. ಆಫ್ರಿಕಾದ ಕೆನ್ಯಾ ದೇಶದಲ್ಲಿ ಬರಿಂಗೋ ಎಂಬ ಸೀಮೆಯ ಪಶುಪಾಲಕರು 2006ರ ಸುಮಾರಿಗೆ ಈ ಮರವನ್ನು ತಮ್ಮ ನೆಲಕ್ಕೆ ತಂದುದಕ್ಕಾಗಿ ಸರಕಾರದ ಮೇಲೆ ದಾವೆ ಹೂಡಿ, ಕಾಯಿ ತಿಂದು ತಿಂದು ಹಲ್ಲು ಕಳೆದುಕೊಂಡ ಮೇಕೆಯೊಂದನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿದರು. ಇನ್ನು ಹಕ್ಕಿಗಳಲ್ಲಿ, ಬಯಲನ್ನೇ ಮನೆಯಾಗಿ ಮಾಡಿಕೊಂಡವಕ್ಕೆ ಪೊದೆಯೇ ಶತ್ರು. ತುಂಗಭದ್ರೆಯ ಆಚೆ ಸಿರುಗುಪ್ಪದ ಎರೆಹೊಲಗಳಲ್ಲಿ ಎರೆಭೂತವೆಂಬ ದೊಡ್ಡ ಹಕ್ಕಿಯು ಈ ಶತಮಾನದಲ್ಲಿಯೂ ಕಾಣಿಸಿಕೊಂಡಿದೆ. ನೆಲದ ಮೇಲೆಯೇ ಮೊಟ್ಟೆಯಿಡುವ, ದೂರದವರೆಗೂ ಕಣ್ಣು ಹರಿಯಬೇಕಾದ ಆ ಹಕ್ಕಿಗೆ ಮುಳ್ಳುಕಾಡು ಯಾತಕ್ಕೆ ಬಂದೀತು? ಲೋಕದಲ್ಲಿಯೇ ಬೆರಳೆಣಿಕೆಯ ಬಯಲುಗಳಲ್ಲಿ ಉಳಿದಿರುವ ಜಾತಿ ಅದು.

ಇಷ್ಟು ಹೇಳಿದ ಮಾತ್ರಕ್ಕೆ, ಪರದೇಶದಿಂದ ಬಂದುದೆಲ್ಲವೂ ತ್ಯಾಜ್ಯವೆಂದು ವಾಚಕರು ತಿಳಿಯಬಾರದು. ಮಸ್ಕಿಯ ಗುಡ್ಡದಲ್ಲಿ 1915ರಲ್ಲಿ ಬಂಗಾರದ ಗಣಿಯ ಇಂಜಿನಿಯರರಾದ ಬೀಡನ್ ಎಂಬವರು ಕಂಡುಹಿಡಿದ ಶಾಸನವನ್ನು ಯಾರು ತಾನೆ ಅರಿಯರು? ದೇವಾನಾಂಪ್ರಿಯನೆಂಬುವನು ಅಶೋಕನೇ ಎಂದು ಲೋಕಕ್ಕೆ ತಿಳಿದುದು ಆ ಬಂಡೆಯಿಂದ. ಅದೇ ಅರಸನು ಗಿರ್ನಾರ್ ಮೊದಲಾದ ಕಡೆಗಳಲ್ಲಿ ಕೊರೆಯಿಸಿದ ಎರಡನೆಯ ಶಿಲಾಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಹಿತವಾದ ಮೂಲಿಕೆ, ಬೇರು, ಹಣ್ಣುಗಳು ಎಲ್ಲಿ ಇಲ್ಲವೋ ಅಲ್ಲಿಗೆ ಅವನ್ನು ತರಿಸಿ ನೆಡಿಸಿದೆನೆಂಬ ಸಂಗತಿಯಿದೆ. ನಮ್ಮ ಅಡಿಗೆಮನೆಯನ್ನೇ ನೋಡಿರಿ. ಮೆಣಸಿನಕಾಯಿ, ಶೇಂಗಾ, ಟೊಮೇಟೊಗಳು ಅಮೆರಿಕದಿಂದ ಬಂದವು; ಹುಣಸೆಯು ಆಫ್ರಿಕಾದಿಂದ ಬಂದುದು; ನಾವು ಹುಟ್ಟಿದಂದಿನಿಂದ ಉಣ್ಣುತ್ತಿರುವ ಬಿಳಿಜೋಳದ ಮೂಲವೂ ಆಫ್ರಿಕಾವೇ. ರೊಟ್ಟಿ, ಕೆಂಪುಚಟ್ನಿ, ಶೇಂಗಾದ ಹಿಂಡಿಗಳನ್ನು ಪರದೇಶಿಗಳೆಂದು ನೂಕಿದರೆ ನಮ್ಮ ಗಂಗಾಳದಲ್ಲಿ ಉಳಿಯುವುದೇನು? ಜಗತ್ತಿನ ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ವರದಿಯೊಂದರ ಪ್ರಕಾರ ಮನುಷ್ಯನಿಂದ ಹೊಸ ನೆಲಗಳಿಗೆ ಹೋಗಿ ನೆಲೆಸಿದ ಜೀವಜಾತಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಕೇಡು ಮಾಡುವವೆಂದು ಕಂಡುಬಂದವು 3,500ಕ್ಕೂ ಹೆಚ್ಚು. ಎಂದರೆ ಹತ್ತರಲ್ಲೊಂದರಷ್ಟು.

ಹಾಗಾದರೆ ಜೋಳಕ್ಕೂ ಜಾಲಿಗೂ ಇರುವ ಭೇದವೇನು? ಜೋಳವು ಬಿತ್ತಿದಲ್ಲಿ ಬೆಳೆಯುವುದು, ನಾವು ಕೈಬಿಟ್ಟರೆ ಇಲ್ಲದಾಗುವುದು. ಜಾಲಿಯು ನಾವು ಕೈಬಿಟ್ಟಲ್ಲಿಯೇ ಬೆಳೆಯುವುದು. ಅದರ ಊರಿನಲ್ಲಿ ಅದನ್ನು ಮಿತಿಯಲ್ಲಿಡುವ ಹುಳುಹುಪ್ಪಟೆಗಳುಂಟು. ಇಲ್ಲಿಗೆ ಬೀಜ ಬಂದಿತೇ ಹೊರತು ಅವು ಬರಲಿಲ್ಲ. ಅವುಗಳ ಕೆಲಸವನ್ನು ಮನುಷ್ಯನೇ ಮಾಡಬೇಕಾಗಿತ್ತು. ಯಾರದೂ ಅಲ್ಲದ ಕೆರೆ, ಯಾರದೂ ಅಲ್ಲದ ಗಾಯರಾಣ, ಒಡೆಯನು ಊರು ಬಿಟ್ಟುಹೋದ ಹೊಲ: ಇವೇ ಅದಕ್ಕೆ ಸಿಕ್ಕ ರಾಜ್ಯ. ಇದನ್ನು ನಾವು ಇತರರಿಗೆ ಬೋಧಿಸುವುದಕ್ಕೆ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳಬೇಕು.

1988ರಲ್ಲಿ ನಾವು ಹೊಸದಾಗಿ ಉಪಾಧ್ಯಾಯರಾದಾಗ, ತಂದೆಯವರಿಂದ ಬಂದ ಎರಡೆಕರೆ ಹೊಲದ ಸುತ್ತ ದನ ನುಗ್ಗದಿರಲೆಂದು ಈ ಜಾಲಿಯ ಬೀಜವನ್ನು ನಮ್ಮ ಕೈಯಾರೆ ಬಿತ್ತಿದೆವು. ಖರ್ಚಿಲ್ಲದ ಬೇಲಿಯಾಯಿತೆಂದು ಹಿಗ್ಗಿದೆವು. ಆಮೇಲೆ ವರ್ಗವಾಗಿ ಲಿಂಗಸುಗೂರಿನಲ್ಲಿ ಕೆಲವು ವರ್ಷ, ಮಸ್ಕಿಯಲ್ಲಿ ಕೆಲವು ವರ್ಷ ಕಳೆದೆವು, ಹೊಲವು ಬೀಳುಬಿದ್ದಿತು. ನಿವೃತ್ತರಾಗಿ ಮರಳಿ ಬಂದು ನೋಡಿದರೆ ಹೊಲವೆಂಬುದೇ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ಮೂವತ್ತು ವರ್ಷ ಹುಡುಗರಿಂದ ಬರೆಯಿಸಿದ ನಮಗೆ ಅದರ ಅರ್ಥವು ಅಂದು ತಿಳಿಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾದುದು ಪಕ್ಕದ ಹೊಲದ ರೈತನು, “ಮಾಸ್ತರ್ರ, ನಿಮ್ಮ ಬೇಲಿ ನನ್ನ ಹೊಲಕ್ಕೂ ಬಂತ್ರಿ. ವರ್ಷಾ ಕಡೀತೀನಿ, ವರ್ಷಾ ಬರತೈತಿ” ಎಂದಾಗ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಮೊದಲು ಆಳುಗಳಿಂದ ಕಡಿಸಿದೆವು. ಮಳೆ ಬಿದ್ದೊಡನೆ ಮೊದಲಿಗಿಂತ ದಟ್ಟವಾಗಿ ಚಿಗುರಿತು. ಬಳಿಕ ಹೋದ ಬೇಸಗೆಯಲ್ಲಿ, ಜನರು ಜೆಸಿಬಿ ಎನ್ನುವ ಅಗೆಯುವ ಯಂತ್ರವನ್ನು ತರಿಸಿ ಬೇರುಸಹಿತ ಕೀಳಿಸಿದೆವು. ಎರಡನೆಯ ದಿನ ಯಂತ್ರವು ಓಡುತ್ತಿರುವಾಗಲೇ ಊರಿನ ಒಬ್ಬ ಮುದುಕಿ ಬಂದು ಬದುವಿನ ಮೇಲೆ ಕುಳಿತಳು. ದಿನವೂ ಆ ಹೊಲದಿಂದ ಒಂದು ಹೊರೆ ಸೌದೆಯನ್ನು ಕಡಿದೊಯ್ದು, ಅರ್ಧ ತನ್ನ ಒಲೆಗೆ ಇಟ್ಟುಕೊಂಡು, ಅರ್ಧವನ್ನು ಮಾರಿ ಬದುಕುವವಳು. ಬಹಳ ಹೊತ್ತು ನೋಡಿ, “ಚಲೋ ಆತು ಮಾಸ್ತರ್ರ, ಹೊಲ ಹೊಲ ಆತು. ನಾಳಿಂದ ನನ್ನ ಒಲಿಗೆ ಏನ್ ಇಡ್ಲಿ?” ಎಂದಳು. ಗ್ಯಾಸು ಇಲ್ಲವೇನವ್ವಾ ಎಂದು ಕೇಳಿದೆವು. “ಸಿಲಿಂಡರ್ ಐತ್ರಿ. ತುಂಬಸಾಕ ರೊಕ್ಕ ಇಲ್ಲ” ಎಂದಳು. ಸೌದೆಯ ಬರವನ್ನು ಕಳೆಯಲೆಂದು ಬಂದ ಮರವಿದು. ಅದರ ಉಪಕಾರವನ್ನು ಇಂದಿಗೂ ಉಣ್ಣುತ್ತಿರುವವಳು ನಮ್ಮ ಮುಂದೆ ಕುಳಿತಿದ್ದಳು, ಅವಳನ್ನು ಕೇಳದೆ ನಾವು ಅದನ್ನು ಕೀಳಿಸುತ್ತಿದ್ದೆವು. ನಮಗೆ ಉತ್ತರ ಹೊಳೆಯಲಿಲ್ಲ. ಯಂತ್ರವನ್ನು ಆ ಹೊತ್ತಿಗೆ ನಿಲ್ಲಿಸಿ, ಕಿತ್ತ ಸೌದೆಯಷ್ಟನ್ನೂ ಅವಳೂ ಅವಳ ಓಣಿಯವರೂ ಒಯ್ಯಲೆಂದೆವು. ಉಳಿದ ಅರ್ಧ ಎಕರೆಯ ಜಾಲಿಯನ್ನು ಹಾಗೆಯೇ ಬಿಟ್ಟೆವು. ಹೂಬಿಡುವ ಮೊದಲೇ ಅದರ ಕೊಂಬೆಗಳನ್ನು ಅವಳು ಕಡಿದುಕೊಳ್ಳಬೇಕು, ಒಂದು ಕಾಯಿಯೂ ಹಣ್ಣಾಗಬಾರದು ಎಂಬುದು ನಮ್ಮ ನಮ್ಮೊಳಗಿನ ಒಪ್ಪಂದ.

ಇದರಿಂದ ನಾವು ಕಲಿತ ನಾಲ್ಕು ಮಾತುಗಳನ್ನು ಹೊಲಮನೆಯುಳ್ಳ ವಾಚಕರಿಗೆ ಹೇಳಿ ಮುಗಿಸುತ್ತೇವೆ. ಮೊದಲನೆಯದು, ಈ ಗಿಡವನ್ನು ಗೇಣುದ್ದವಿರುವಾಗ ಮಳೆಯ ಹಸಿಯಲ್ಲಿ ಬೇರುಸಹಿತ ಕೀಳಬೇಕು. ಅದಕ್ಕೆ ಮಕ್ಕಳ ಬಲವೂ ಸಾಕು. ಬಲಿತ ಮರವನ್ನಾದರೆ ನೆಲದ ಮಟ್ಟದಲ್ಲಿ ಕಡಿದು ಪ್ರಯೋಜನವಿಲ್ಲ, ಬುಡದ ಸುತ್ತ ಅಗೆದು ಚಿಗುರುವ ಕಣ್ಣುಗಳ ಕೆಳಗೆ ಬೇರನ್ನು ಕತ್ತರಿಸಬೇಕು. ಎರಡನೆಯದು, ಹಣ್ಣಾದ ಕಾಯನ್ನು ದನಗಳು ಅಡ್ಡಾಡಿ ತಿನ್ನಗೊಡದೆ ಆರಿಸಿ ತಂದು, ಬೀಜವೂ ನುಗ್ಗಾಗುವಂತೆ ಬೀಸಿ, ಬೇರೆ ಮೇವಿನೊಡನೆ ಮಿತವಾಗಿ ಬೆರೆಸಿ ಹಾಕಿದರೆ ಮೇವಿಗೆ ಮೇವಾಯಿತು, ಬೀಜವೂ ನಾಶವಾಯಿತು. ಮೂರನೆಯದು, ಒಮ್ಮೆ ತೆಗೆದು ಕೈತೊಳೆದುಕೊಳ್ಳಬಾರದು. ಹಳೆಯ ಬೀಜಗಳು ಮೊಳೆಯುತ್ತಲೇ ಇರುವುದರಿಂದ ಹಲವು ಮಳೆಗಾಲ ಹೊಲವನ್ನು ಸುತ್ತಬೇಕು. ನಾಲ್ಕನೆಯದೇ ಮುಖ್ಯವಾದುದು: ತೆಗೆದ ಜಾಗವನ್ನು ಬರಿದಾಗಿ ಬಿಡಬಾರದು. ಬೇವು, ಹೊಂಗೆ, ಕರಿಜಾಲಿ, ಬನ್ನಿಗಳನ್ನು ಅಲ್ಲಿ ನೆಡಬೇಕು. ಬಯಲಾಗಿದ್ದುದನ್ನು ಬಯಲಾಗಿಯೇ, ಹುಲ್ಲಿಗಾಗಿಯೇ ಬಿಡಬೇಕಾದಲ್ಲಿ ಹುಲ್ಲನ್ನು ಕಾಯಬೇಕು. ಊರ ಕೆರೆಯನ್ನೂ ಗಾಯರಾಣವನ್ನೂ ಶುದ್ಧಿಮಾಡಲು ಹೊರಡುವ ಪಂಚಾಯಿತಿಯವರು ಒಂದೇ ಸಲ ಎಲ್ಲವನ್ನೂ ಕೀಳಿಸದೆ ಭಾಗಭಾಗವಾಗಿ ಕೀಳಿಸಿ, ಸೌದೆಯನ್ನು ಬಡವರಿಗೆ ಬಿಟ್ಟು, ಮುಂದಿನ ಒಲೆಗೆ ಏನೆಂಬುದನ್ನು ಅವರನ್ನೇ ಕೇಳಿ ನಡೆಯುವುದು ಉಚಿತವು.

ಬನ್ನಿಯ ಗುಣವನ್ನು ಇಲ್ಲಿ ಹೇಳದೆ ಬಿಡಲಾರೆವು. ಅದರ ಎಲೆ ದನಕ್ಕೆ ಮೇವು, ಕಾಯಿಯು ರಾಜಸ್ಥಾನದವರಿಗೆ ಪಲ್ಯ, ಬುಡದಲ್ಲಿ ಸಜ್ಜೆಯ ಬೆಳೆಯೂ ಬೆಳೆಯುವುದು. ಬೆಳೆಯುವುದು ಮಾತ್ರ ಬಹು ನಿಧಾನ. ದಾಯಾದಿಯು ಮೂರು ವರ್ಷದಲ್ಲಿ ಕಾಯಿ ಬಿಟ್ಟರೆ ಇದು ಆಗಿನ್ನೂ ಬೇರೂರುತ್ತಿರುವುದು. ಅವಸರದ ಮನುಷ್ಯನು ಯಾವುದನ್ನು ಆರಿಸಿಕೊಂಡಾನೆಂಬುದು ಸ್ಪಷ್ಟವೇ 1988ರಲ್ಲಿ ನಾವು ಆರಿಸಿಕೊಂಡುದೂ ಅದನ್ನೇ.

ಕಾರ್ತಿಕದಲ್ಲಿ ಒಂದು ದಿನ ಮೊಮ್ಮಗಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಬದುವಿನ ಮೂಲೆಯಲ್ಲಿ ಬನ್ನಿಯ ಸಸಿಯೊಂದನ್ನು ನೆಟ್ಟೆವು. ಪಕ್ಕದ ಹೊಲದ ರೈತನೂ ತನ್ನ ಬದುವಿಗೊಂದನ್ನು ಕೇಳಿ ಇಸಿದುಕೊಂಡನು. ಮಗುವು ಎರಡು ಚೊಂಬು ನೀರನ್ನು ಹಾಕಿ, “ಮುಂದಿನ ದಸರಾಕ್ಕ ಇದರ ಎಲಿ ತರಬಹುದಾ, ಅಜ್ಜ?” ಎಂದು ಕೇಳಿದಳು. ಬರುವ ದಸರೆಗೆ ಅದು ಮೊಳದುದ್ದವೂ ಆಗದು. ಅದರ ಎಲೆಯನ್ನು ಅವಳು ತಂದುಕೊಡುವ ದಿನ ಅದನ್ನು ತೆಗೆದುಕೊಳ್ಳಲು ನಾವಿರುವೆವೋ ಇಲ್ಲವೋ. ಸದ್ಯಕ್ಕೆ ಊರ ಬನ್ನಿಕಟ್ಟೆಗೆ ದಾರಿ ಮಾಡಿಕೊಡುತ್ತೇವೆಂದು ಹೇಳಿದೆವು. ಓಣಿಯ ನಾಲ್ಕು ಮನೆಯವರು ಗುದ್ದಲಿಯೊಡನೆ ಬರಲು ಒಪ್ಪಿದ್ದಾರೆ. ಸೌದೆಯನ್ನು ಆ ಮುದುಕಿಗೆ ಹೇಳಿಟ್ಟಿದ್ದೇವೆ.